ಚಾಕ್ ಪುಡಿಯ ಮೇಲಿನ ಹೆಜ್ಜೆ

ನಮ್ಮತ್ತೆ ನನಗಿಟ್ಟ ಹೆಸರು ಕತ್ತರಿ. ನಾನು ಬಟ್ಟೆ ಹೊಲಿಯುವವಳು, ನಿಜ. ಆದರೆ ಅವರು ಹೇಳುತ್ತಿದ್ದುದು ನನ್ನ ನಾಲಿಗೆಯ ಬಗ್ಗೆ. ಹದಿನಾರು ವರ್ಷ ಒಂದೇ ಸೂರಿನಡಿ ಇದ್ದವರು ನಾವು. ಮಾತಿಗೆ ಮಾತು ಕೊಟ್ಟುಕೊಂಡೇ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದೆವು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಹಿಂದಿನ ಕೋಣೆಯಲ್ಲಿ ಅವರ ಮಂಚ, ನಡುವೆ ಹತ್ತು ಹೆಜ್ಜೆ.

ಅವರ ಮಂಚದ ಮೇಲಿನ ಮರದ ಅಟ್ಟಕ್ಕೆ ಒಂದು ಅಳಿಲು ಬಂದು ಸೇರಿಕೊಂಡಿತು. ಸೂರಿನ ಕೆಳಗೆ ಮುಷ್ಟಿಯಷ್ಟು ತೂತಿತ್ತು, ಅದೇ ಅದರ ಬಾಗಿಲು. ಮೊದಮೊದಲು ನನ್ನ ಹತ್ತಿ, ನೂಲು, ಲೈನಿಂಗ್ ಚೂರುಗಳನ್ನು ಕಚ್ಚಿಕೊಂಡು ಓಡುತ್ತಿತ್ತು. ಇದೂ ನನ್ನ ಹಾಗೆ ದರ್ಜಿಯೇ ಇರಬೇಕೆಂದು ನಕ್ಕೆ. ಆಮೇಲೆ ಗಿರಾಕಿಯೊಬ್ಬರ ಕೋಟಿನ ತೋಳು ಕಡಿಯಿತು, ಮಷೀನಿನ ವೈರನ್ನೂ ಕಡಿಯಿತು. ಆಗ ನಗು ನಿಂತಿತು.

ನಮ್ಮವರು ವಿಷದ ಪೊಟ್ಟಣ ತಂದರು. ಈ ಮನೆಯಲ್ಲಿ ವಿಷ ಇಟ್ಟರೆ ನೀವೇ ಅಡುಗೆ ಮಾಡಿಕೊಂಡು ತಿನ್ನಿ ಎಂದು ನಾನು ಹಾರಾಡಿದ ಮೇಲೆ ಅದನ್ನು ಅಂಗಡಿಗೇ ವಾಪಸ್ ಕೊಟ್ಟು ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಈ ಕೆಲಸ ಮುಗಿಸಿ ತೋರಿಸುತ್ತೇನೆಂದು ಅವರೆದುರು ಜಂಬ ಕೊಚ್ಚಿದೆ. ಹಾವು ಹಿಡಿದು ಕಾಡಿಗೆ ಬಿಡುವ ಒಬ್ಬಾತ ಅವರಿಗೆ ಸ್ನೇಹಿತ. ಫೋನ್ ಮಾಡಿದೆ. ತೂತಿನ ಬಾಯಿಗೆ ಹಿಟ್ಟು ಚೆಲ್ಲಿ, ಹೆಜ್ಜೆ ಹೊರಗೆ ಹೋಗಿದ್ದು ಕಂಡರೆ ಮುಚ್ಚಿ ಎಂದ. ಅದಕ್ಕೂ ಮುಂಚೆ ಒಳಗೆ ಮರಿ ಇದೆಯಾ ನೋಡಿ, ಇದ್ದರೆ ಒಂದೆರಡು ತಿಂಗಳು ಸೈರಿಸಿಕೊಳ್ಳಿ, ಬೆಳೆದ ಮೇಲೆ ತಾವಾಗಿಯೇ ಹೋಗುತ್ತವೆ ಎಂದೂ ಹೇಳಿದ.

ತಿಂಗಳುಗಟ್ಟಲೆ ಯಾರು ಕಾಯುತ್ತಾರೆ? ಎಂಟು ದಿನದಲ್ಲಿ ಅರವತ್ತು ಶಾಲಾ ಸಮವಸ್ತ್ರ ಕೊಡಬೇಕಿತ್ತು. ಅವನ ಮಾತಿನಲ್ಲಿ ನನಗೆ ಬೇಕಾದ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ.

ಹಿಟ್ಟು ಯಾಕೆ ದಂಡ ಎಂದು ಬಟ್ಟೆಗೆ ಗುರುತು ಹಾಕುವ ಚಾಕನ್ನು ಪುಡಿಮಾಡಿ ತೂತಿನ ಬಾಯಿಗೆ ಚೆಲ್ಲಿದೆ. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಪುಟ್ಟ ಹೆಜ್ಜೆಗಳ ಒಂದೇ ಸಾಲು, ಹೊರಮುಖವಾಗಿ. ಕೂಡಲೇ ಬಡಗಿಯನ್ನು ಕರೆಸಿದೆ. ಅಟ್ಟದ ಎರಡು ಹಲಗೆ ಕಳಚಿ ಟಾರ್ಚ್ ಬಿಟ್ಟು ನೋಡೋಣವೇ ಎಂದು ಅವನು ಕೇಳಿದ. ಹಲಗೆ ಕಳಚಬೇಕೆಂದರೆ ಅತ್ತೆಯ ಮಂಚ ಸರಿಸಬೇಕು, ಕತ್ತರಿಸಿಟ್ಟ ಬಿಳಿ ಬಟ್ಟೆಯ ಮೇಲೆಲ್ಲ ಧೂಳು ಬೀಳುತ್ತದೆ.

"ಹೆಜ್ಜೆ ನಾನೇ ನೋಡಿದೀನಿ, ಹೋಗಿದೆ. ನೀನು ಮೊಳೆ ಹೊಡಿ," ಎಂದೆ.

ತೂತಿಗೆ ಹಲಗೆಯಿಟ್ಟು ಹೊಡೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತೆಂದು ಬೀಗಿದೆ.

ಆ ಮಧ್ಯಾಹ್ನವೇ ಅತ್ತೆ ಕೂಗಿದರು. "ಮೇಲೆ ಮರಿಗಳು ಅಳ್ತಿವೆ ಕಣೇ."

ನಾನು ಹೋಗಿ ನಿಂತು ಆಲಿಸಿದೆ. ನನಗೇನೂ ಕೇಳಿಸಲಿಲ್ಲ. ಮಷೀನಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದ ಕಿವಿ ನನ್ನದು, ಆದರೆ ಆಗ ಅದು ಹೊಳೆಯಲಿಲ್ಲ. ಅತ್ತೆಗೋ ವರ್ಷದಿಂದ ಏನೇನೋ ಕೇಳಿಸುತ್ತಿತ್ತು. ನಿಲ್ಲಿಸಿದ ನಲ್ಲಿಯಲ್ಲಿ ನೀರು ಸುರಿಯುವುದು, ತೀರಿಹೋದ ಮಾವನವರ ಸೈಕಲ್ ಬೆಲ್ಲು. ಅರವತ್ತಕ್ಕೆ ಅರಳುಮರಳು ಅಂತಾರೆ, ಇವರಿಗೆ ಎಂಬತ್ತು ಎಂದು ನಮ್ಮವರು ನಕ್ಕರು.

ಮರುದಿನ ಅತ್ತೆ ಊಟದ ತಟ್ಟೆ ಮುಟ್ಟಲಿಲ್ಲ. ಅವುಗಳಿಗೂ ಯಾರೂ ಹಾಕಿಲ್ಲವಲ್ಲ ಎಂದರು. ಹೊರಗೆ ಸೂರಿನ ಮೇಲೆ ತಾಯಿ ಅಳಿಲು ಬೆಳಗಿನಿಂದ ಒಂದೇ ಸಮನೆ ಅರಚುತ್ತಿತ್ತು. ಜಾಗ ಕಳೆದುಕೊಂಡ ಸಿಟ್ಟಿಗೆ ನನ್ನನ್ನು ಬೈಯುತ್ತಿದೆ ಎಂದುಕೊಂಡೆ. ಆದರೂ ಆ ಅರಚಾಟ, ಈ ಉಪವಾಸ, ಮುಗಿಯದ ಸಮವಸ್ತ್ರ ಎಲ್ಲ ಸೇರಿ ನನ್ನ ತಲೆ ಕೆಟ್ಟಿತು.

"ಸತ್ತ ಮಾವನ ಬೆಲ್ಲೂ ನಿಮಗೆ ಕೇಳ್ಸುತ್ತೆ ಅತ್ತೆ. ನಿಮ್ಮ ಕಿವಿ ನಂಬಿಕೊಂಡು ನಾನು ಮನೆ ಬಿಚ್ಚೋಕಾಗಲ್ಲ."

ಅವರು ಗೋಡೆ ಕಡೆ ಹೊರಳಿದರು. ನನಗೆ ತಿರುಗಿಸಿ ಮಾತಾಡದೆ ಅವರು ಸುಮ್ಮನಾದದ್ದು ಅದೇ ಮೊದಲು.

ಮೂರನೆಯ ದಿನ ಕಾಫಿ ಕೊಡಲು ಹೋದಾಗ ಮೆಲ್ಲಗೆ, "ಈಗ ಒಂದೇ ಅಳ್ತಿದೆ," ಎಂದರು. ಬಡಗಿಗೆ ಫೋನ್ ಮಾಡಬೇಕೆನ್ನಿಸಿತು. ಇನ್ನು ಹನ್ನೊಂದು ಅಂಗಿ ಬಾಕಿ ಇದ್ದವು. ಮುಗಿಸಿಯೇ ಮಾಡೋಣ ಎಂದು ಹೋಗಿ ಮಷೀನಿಗೆ ಕೂತೆ.

ನಾಲ್ಕನೆಯ ದಿನ ಅಟ್ಟದ ಸಂದಿಗೆ ಇರುವೆಗಳು ಸಾಲುಗಟ್ಟಿದವು. ಬಡಗಿ ಬಂದು ಹಲಗೆ ಕಳಚಿದ. ನನ್ನ ಹತ್ತಿ, ನನ್ನ ಕೆಂಪು ಲೈನಿಂಗ್, ನನ್ನ ನೀಲಿ ನೂಲು, ಎಲ್ಲ ಸೇರಿಸಿ ಬಟ್ಟಲಿನಂತೆ ಹೆಣೆದ ಗೂಡು. ಅದರಲ್ಲಿ ಎರಡು ಮರಿ ಸತ್ತಿದ್ದವು, ಇನ್ನೂ ಕಣ್ಣು ತೆರೆದಿರಲಿಲ್ಲ. ಮೂರನೆಯದು ಹೇಗೋ ತೆವಳಿ, ಮುಚ್ಚಿದ ಹಲಗೆಗೆ ಮೂತಿಯಿಟ್ಟು ಸತ್ತಿತ್ತು. ಆ ಹಲಗೆಯ ಹೊರಮೈಯನ್ನು ತಾಯಿ ಬೆರಳಗಲ ಕಡಿದು ಹಾಕಿತ್ತು, ಅಲ್ಲಿ ರಕ್ತ ಒಣಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವಿಷ ಇಟ್ಟಿದ್ದರೂ ಅವು ಇಷ್ಟು ದಿನ ನರಳುತ್ತಿರಲಿಲ್ಲವೇನೋ.

ಅತ್ತೆಯ ಮಂಚದ ಪಕ್ಕ ಕೂತು ತಪ್ಪಾಯಿತು ಅತ್ತೆ ಎಂದೆ. ಬೈಯಲಿ ಎಂದು ಕಾದೆ. "ಆಯ್ತು ಬಿಡು," ಎಂದರು, ಅಷ್ಟೇ. ಅಂದಿನಿಂದ ನನ್ನನ್ನು ಕತ್ತರಿ ಎನ್ನಲಿಲ್ಲ. ನಲ್ಲಿಯ ಸದ್ದಿಲ್ಲ, ಸೈಕಲ್ ಬೆಲ್ಲಿಲ್ಲ, ಯಾವ ದೂರೂ ಇಲ್ಲ. ಮನೆ ತಣ್ಣಗಾಯಿತೆಂದು ನಮ್ಮವರಿಗೆ ಸಮಾಧಾನ. ನನಗೂ, ಸುಳ್ಳೇಕೆ, ಸ್ವಲ್ಪ ಹಾಯೆನಿಸಿತ್ತು.

ಎರಡು ತಿಂಗಳ ಮೇಲೆ ಒಂದು ದಿನ, ಮಧ್ಯಾಹ್ನ ಒಂದಕ್ಕೆ ಊಟದ ತಟ್ಟೆ ಹಿಡಿದು ಒಳಗೆ ಹೋದೆ. ಅತ್ತೆ ಮಂಚದ ಕೆಳಗೆ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಸೀರೆ ಒದ್ದೆಯಾಗಿತ್ತು. ಬಿದ್ದದ್ದು ಹತ್ತು ಗಂಟೆಗಂತೆ. ನಡುವಿನ ಬಾಗಿಲು ತೆರೆದೇ ಇತ್ತು.

"ಯಾಕೆ ಕೂಗಲಿಲ್ಲ ಅತ್ತೆ?" ಎಂದೆ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಕೆಲಸ ಮುಗೀಲಿ ಅಂದ್ಕೊಂಡೆ ಕಣಮ್ಮ. ಕೂಗಿದ್ರೆ ನೀನು ನಂಬ್ತಿದ್ಯೋ ಇಲ್ವೋ."

ಈಗ ಅವರು ಏಳುವ ಹಾಗಿಲ್ಲ. ನಾನು ಪ್ರತಿ ತೋಳಿಗೊಮ್ಮೆ ಮಷೀನು ನಿಲ್ಲಿಸಿ, ಎದ್ದು ಹೋಗಿ, ಎಲ್ಲಾದರೂ ನೋಯುತ್ತಿದೆಯೇ ಎಂದು ಕೇಳುತ್ತೇನೆ. ತುಟಿ ಕಚ್ಚಿ ಹಿಡಿದುಕೊಂಡೇ, ಏನೂ ಇಲ್ಲ, ನೀನು ಹೋಗಮ್ಮ ಎನ್ನುತ್ತಾರೆ.