ಕಾಗದದ ಚೀಲದೊಳಗಿನ ಊಟ

ಸಿಂಕಿನ ಅಂಚಿನಲ್ಲಿ ಓತಿಯ ಬಾಲ ಇನ್ನೂ ಕುಣಿಯುತ್ತಿದೆ, ಓತಿ ಮೆಟ್ಟಿಲ ಸಂದಿಗೆ ನುಸುಳಿ ಹೋಗಿ ಆಯಿತು, ಬಾಲಕ್ಕೆ ಮಾತ್ರ ಆ ಸುದ್ದಿ ಮುಟ್ಟಿಲ್ಲ, ಹಸಿರು ಹುರಿಯ ಹಾಗೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ಕಿತ್ತ ಕಡೆ ಒಂದು ಹನಿ ರಕ್ತ, ಒಣಗುವ ಮೊದಲು ಅದನ್ನು ಇಲಿಮರಿಯ ಮೈಗೆ ಉಜ್ಜಬೇಕು, ಮೂತಿಗೆ, ಕುತ್ತಿಗೆಗೆ, ಕೂದಲೇ ಮೂಡದ ಗುಲಾಬಿ ಬೆನ್ನಿಗೆ, ಇಲಿ ಒಲ್ಲದ ಮರಿಹಾವು ಓತಿಯ ವಾಸನೆಗಾದರೂ ಬಾಯಿ ಬಿಟ್ಟೀತು ಎಂದು ಅರ್ಲೆಟಾಗೆ ಹೇಳಿದವಳು ಓಪಲ್ ಅಜ್ಜಿ, ದನದ ಹರಾಜು ಶೆಡ್ಡಿನಲ್ಲಿ ಹಾವಿನ ಸಂತೆ ಸೇರಿದಾಗ ಬಾಗಿಲ ಪಕ್ಕ ಓತಿ ಮಾರುತ್ತ ಕೂರುವ ಅಜ್ಜಿ — ಬಾಲ ನಿಂತಿತು, ಇಲ್ಲ, ಮತ್ತೆ ಒಂದು ಸಲ ಮಿಸುಕಿತು. ಬಿಸಿನೀರಿನ ಬಟ್ಟಲಲ್ಲಿ ಇಲಿಮರಿ ತೇಲುತ್ತಿದೆ, ಫ್ರೀಜರಿನಲ್ಲಿ ಕಲ್ಲಾಗಿದ್ದದ್ದು ಈಗ ಮೆತ್ತಗಾಗಿದೆ, ಬೆರಳಿಟ್ಟರೆ ಬೆಚ್ಚಗೆ, ಬದುಕಿದ್ದೇನೋ ಅನ್ನುವಷ್ಟು ಬೆಚ್ಚಗೆ, ಮತ್ತು ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾವಿನ ಮರಿ, ಪೆನ್ಸಿಲಿನಷ್ಟೂ ದಪ್ಪವಿಲ್ಲ, ಕಿತ್ತಳೆ ಮಚ್ಚೆ, ಮೊಟ್ಟೆಯೊಡೆದು ಬಂದಾಗಿನಿಂದ ಒಂದು ತುತ್ತೂ ನುಂಗದೆ ಬೆನ್ನುಮೂಳೆ ಎದ್ದು ಕಾಣುತ್ತಿದೆ, ಅದು ಅವಳದು, ಅವಳದು ಎಂದು ಈ ಟ್ರೇಲರ್ ಮನೆಯಲ್ಲಿ ಇರುವ ಮೊದಲನೆಯ ಜೀವ, ಅಮ್ಮನ ಎರಡನೇ ಗಂಡ ವೆಲ್ಡನ್ ಹೋದ ವಾರ ಅದನ್ನು ಅವಳ ಮಡಿಲಿಗೆ ಎಸೆದಿದ್ದ, ತಗೋ, ಇದೂ ನಿನ್ ಹಾಗೇ ಹಠಮಾರಿ, ಇಂಥದ್ದನ್ನ ಯಾರು ಕೊಳ್ತಾರೆ, ನೀನೇ ಸಾಕ್ಕೋ. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ಟೈ ಬಿಗಿದುಕೊಳ್ಳುತ್ತ ಮಾತು ಬದಲಾಯಿಸಿದ, ಚರ್ಚ್ ಮುಗಿಸಿ ಬರೋ ಹೊತ್ತಿಗೆ ಅದು ತಿಂದಿರ್ಬೇಕು ಕಣೇ, ಇಲ್ಲಾಂದ್ರೆ ನಾನೇ ತಿನ್ನಿಸ್ತೀನಿ, ಉಗುಳಿದ್ರೆ ಡೀಕನ್‌ಗೆ, ಪಾಪ, ಅವನಿಗೂ ಭಾನುವಾರ ತಾನೆ. ಡೀಕನ್ ಅಂದರೆ ಟೀವಿಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿರುವ ಕರಿಹಾವು, ಹಾವುಗಳನ್ನೇ ತಿನ್ನುವ ಜಾತಿ, ಮೈತುಂಬ ಬಿಳಿ ಸರಪಳಿ, ತನ್ನ ಹೆಸರು ಕೇಳಿದ ಹಾಗೆ ನಾಲಿಗೆ ಆಡಿಸಿತ್ತು.

ತಿನ್ನಿಸ್ತೀನಿ ಅಂದರೆ ಹೆಬ್ಬೆರಳು. ಆ ಹೆಬ್ಬೆರಳು ಅವಳಿಗೆ ಗೊತ್ತು, ಚಪ್ಪಟೆ ಉಗುರು, ಉಗುರಿನ ಮೇಲೆ ಸುತ್ತಿಗೆ ಬಿದ್ದ ಕಪ್ಪು ಗೆರೆ, ತಂಬಾಕು ಮತ್ತು ಇಲಿಗೂಡಿನ ವಾಸನೆ, ಆಗ ಅವಳಿಗೆ ಏಳು ವರ್ಷ, ಅಮ್ಮನ ಕಾರು ಜಲ್ಲಿಯ ಮೇಲೆ ಕರಕರ ಸದ್ದು ಮಾಡಿ ಹೋಗಿ ಎಷ್ಟೋ ದಿನ, ಅಮ್ಮನ ಎರಡನೇ ಗಂಡ ಮತ್ತು ಅವಳು ಎದುರುಬದುರು, ನಡುವೆ ಬೀನ್ಸಿನ ತಟ್ಟೆ, ಅವಳ ಗಂಟಲಿಗೆ ಏನೂ ಇಳಿಯುತ್ತಿಲ್ಲ, ಅವನು ಅವಳನ್ನೇ ನೋಡುತ್ತಿದ್ದಾನೆ, ತಿನ್ನು, ನೋಡುತ್ತಿದ್ದಾನೆ, ತಿನ್ನು ಅಂದ್ನಲ್ಲ, ಆಮೇಲೆ ಎದ್ದು ಬಂದು ದವಡೆ ಕೂಡುವ ಕಡೆ ಹೆಬ್ಬೆರಳಿಟ್ಟು ಒತ್ತಿದ, ಅಲ್ಲಿ ಒತ್ತಿದರೆ ಬೇಡವೆಂದರೂ ಬಾಯಿ ತೆರೆಯುತ್ತದೆ, ಅದು ನಿನ್ನ ಬಾಯಿಯೇ ಅಲ್ಲವೇನೋ ಎಂಬಂತೆ ತೆರೆಯುತ್ತದೆ, ಚಮಚ ಹಲ್ಲಿಗೆ ಬಡಿಯಿತು, ಕಬ್ಬಿಣ, ಉಪ್ಪು, ರಕ್ತ, ಬೀನ್ಸು, ಅಲುಗುತ್ತಿದ್ದ ಹಾಲುಹಲ್ಲು ಕಿತ್ತುಬಂದು ಬೀನ್ಸಿನ ಜೊತೆಗೇ ಹೊಟ್ಟೆಗೆ ಹೋಯಿತು, ನೋಡು, ತಿನ್ನೋದೇನು ಕಷ್ಟ, ಅಂದ ಅವನು, ಕೈ ಒರೆಸಿಕೊಂಡ. ಆ ಜಾಗದಲ್ಲಿ ಆಮೇಲೆ ಬಂದ ಹಲ್ಲು ಒಳಮುಖವಾಗಿ ಬಾಗಿಯೇ ಬೆಳೆಯಿತು, ನಾಲಿಗೆ ಈಗಲೂ ಅಲ್ಲಿಗೇ ಹೋಗುತ್ತದೆ, ಈಗಲೂ ಹೋಗಿದೆ. ಶಾಲೆಯ ಊಟದ ಕೋಣೆಯಲ್ಲಿ ಅಷ್ಟು ಕಣ್ಣುಗಳ ಎದುರು ಬಾಯಿ ತೆರೆಯಲಾರದೆ ಕಕ್ಕಸಿನ ಬಾಗಿಲು ಹಾಕಿಕೊಂಡು ಬ್ರೆಡ್ಡು ತಿನ್ನುತ್ತಿದ್ದಳು, ಒಂದು ದಿನ ಹುಡುಗಿಯರು ಬಾಗಿಲ ಮೇಲಿಂದ ಇಣುಕಿ ನಕ್ಕರು, ಮರುದಿನದಿಂದ ಶಾಲೆಗೆ ಹೋಗಲಿಲ್ಲ, ಈಗ ದುಡಿಯುವ ಕೋಳಿ ಕಾರ್ಖಾನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೊಕ್ಕೆಗೆ ನೇತುಬಿದ್ದ ಕೋಳಿಗಳು ಬರುತ್ತಲೇ ಇರುತ್ತವೆ. ಈ ಹಾವಿನ ಮರಿಗೊಂದು ಜೊತೆ ಇತ್ತು, ಅದೂ ತಿನ್ನುತ್ತಿರಲಿಲ್ಲ, ಅದರ ದವಡೆಯನ್ನು ವೆಲ್ಡನ್ ಉಗುರಿನಿಂದ ಸೀಳುವ ಹಾಗೆ ಬಿಡಿಸಿ ಬೆಂಕಿಕಡ್ಡಿಯಲ್ಲಿ ಇಲಿಮರಿಯನ್ನು ಒಳಗೆ ತಳ್ಳಿದ, ಇಳಿಯಿತು, ಉಬ್ಬು ಅರ್ಧ ಹೊಟ್ಟೆಗೆ ಬಂದಿತ್ತು, ಅಷ್ಟಕ್ಕೇ ಬಿಡಬಾರದೆ, ಗೆಳೆಯರಿಗೆ ತೋರಿಸಲು ಕೈಗೆತ್ತಿಕೊಂಡ, ತಿಂದ ಹಾವನ್ನು ಮುಟ್ಟಿದರೆ ಕಕ್ಕುತ್ತದೆ ಎಂದು ಹಾವು ಸಾಕುವವರಿಗೆಲ್ಲ ಗೊತ್ತು, ಅವನಿಗೂ ಗೊತ್ತು, ಕಕ್ಕಿತು, ಜೊತೆಗೆ ರಕ್ತವೂ ಬಂತು, ಥೂ ದರಿದ್ರ ಎಂದು ಗಾಜಿನ ಮುಚ್ಚಳ ಸರಿಸಿ ಒಳಗೆ ಎಸೆದ, ಡೀಕನ್ ತಲೆಯಿಂದ ಶುರುಮಾಡಿತು, ಬಾಲ ಹೊರಗಿತ್ತು, ಕುಣಿಯುತ್ತಿತ್ತು, ಬಹಳ ಹೊತ್ತು.

ಈಗ ಕತ್ತಿ. ಕೋಳಿಯ ತೊಡೆಮೂಳೆ ಬಿಡಿಸುವ ಕತ್ತಿ, ಎಷ್ಟು ತೊಡೆ ಬಿಡಿಸಿದೆಯೋ ಈ ಕೈ, ಈಗ ಇಲಿಮರಿಯ ಹೆಸರುಬೇಳೆಯಷ್ಟು ತಲೆಯ ಮೇಲೆ ಜಾಗ ಹುಡುಕುತ್ತಿದೆ — ಬುರುಡೆಯನ್ನು ಸ್ವಲ್ಪ ಸೀಳಬೇಕು ಕಣಮ್ಮ, ಒಳಗಿನ ರಸ ಹೊರಗೆ ಬರಬೇಕು, ಆ ವಾಸನೆಗೆ ಎಂಥ ಹಟದ ಮರಿಯೂ ಸೋಲುತ್ತೆ, ಓಪಲ್ ಅಜ್ಜಿ ಇದನ್ನು ರೊಟ್ಟಿ ಬೇಯಿಸುವುದನ್ನು ಹೇಳಿಕೊಟ್ಟ ಹಾಗೆ ಹೇಳಿದ್ದಳು — ತುದಿ ಇಟ್ಟಳು, ಒತ್ತಿದಳು, ಬಟಾಣಿ ಸಿಪ್ಪೆ ಬಿಟ್ಟಂತೆ ಒಂದು ಸಣ್ಣ ಸದ್ದು, ಬಿಳಿ, ಗುಲಾಬಿ, ಬೆರಳ ಮೇಲೆ ಬೆಚ್ಚಗೆ, ಕ್ಷಮಿಸು ಅನ್ನಬೇಕೆನಿಸಿತು, ಯಾರಿಗೆ. ಬಾಲದ ರಕ್ತ ಉಜ್ಜಿದಳು. ಕಂದು ಕಾಗದದ ಚೀಲ ಬಿಡಿಸಿ ಇಲಿಮರಿಯನ್ನು ಇಟ್ಟಳು, ಹಾವನ್ನು ಅಂಗೈಯಿಂದ ಜಾರಿಸಿದಳು, ಅದರ ತೂಕ ಒಂದು ರಿಬ್ಬನ್ನಿನಷ್ಟು, ಚೀಲದ ಬಾಯಿ ಮಡಚಿದಳು, ಇನ್ನೊಂದು ಮಡಿಕೆ, ಬಟ್ಟೆಯ ಕ್ಲಿಪ್ಪು ಹಾಕಿದಳು, ಮೇಜಿನ ಮೇಲೆ, ಹಾವಿಗೆ ಕಾವು ಕೊಡುವ ಕರೆಂಟಿನ ಹಾಸಿನ ಮೇಲಿಟ್ಟು ಬೆನ್ನು ಮಾಡಿ ಕೂತಳು. ಇಣುಕಬೇಡ, ಅದೇ ಮುಖ್ಯ, ನಮ್ಮೆಜಮಾನ್ರು ಎದುರಿಗೆ ಕೂತು ನೋಡ್ತಿದ್ರೆ ನಂಗೂ ತುತ್ತು ಇಳೀತಿರ್ಲಿಲ್ಲ, ಅವರು ಹೋದ್ಮೇಲೆ ನೋಡು ಹೆಂಗೆ ಊದಿದೀನಿ, ಎಂದು ಅಜ್ಜಿ ಹೊಟ್ಟೆ ತಟ್ಟಿಕೊಂಡಿದ್ದಳು, ಅರ್ಲೆಟಾ ನಕ್ಕಿರಲಿಲ್ಲ, ಆ ಮಾತನ್ನು ಮನೆಗೆ ತಂದು ಹಾಸಿಗೆಯಲ್ಲಿ ಮಲಗಿ ನಕ್ಕಿದ್ದಳು. ಇಣುಕಬೇಡ. ಬಿಸಿಲು ತಗಡಿನ ಮಾಡನ್ನು ಕಾಯಿಸುತ್ತಿದೆ, ತಗಡು ಟಿಕ್ ಅನ್ನುತ್ತದೆ, ಅದಲ್ಲ, ಫ್ರಿಜ್ಜು ಗುರ್ ಅನ್ನುತ್ತದೆ, ಅದೂ ಅಲ್ಲ, ಕಾಗದ — ಕಾಗದ ಸರ್ ಅಂದಿತು, ನಿಂತಿತು, ಅವಳ ಉಸಿರೂ ನಿಂತಿತು, ಮತ್ತೆ ಸರ್, ಆಮೇಲೆ ಬೆರಳಲ್ಲಿ ಚಿಟಿಕೆ ಹೊಡೆದಂತೆ ಒಂದೇ ಒಂದು ಏಟು ಕಾಗದದ ಗೋಡೆಗೆ, ಹಿಡಿಯಿತು, ಹಿಡಿದಿದೆ, ತಿನ್ನು ಕಂದ, ಯಾರೂ ನೋಡುತ್ತಿಲ್ಲ, ನಾನೂ ನೋಡುತ್ತಿಲ್ಲ — ಜಲ್ಲಿ. ಜಲ್ಲಿಯ ಮೇಲೆ ಚಕ್ರ, ಕರಕರ, ಇಷ್ಟು ಬೇಗ, ಟ್ರಕ್ಕಿನ ಬಾಗಿಲು, ಬೂಟು, ಮೆಟ್ಟಿಲು.

ಏನಮ್ಮಣ್ಣಿ, ತಿಂತಾ ನಿನ್ನ ದಾರ, ಎಂದು ಒಳಗೆ ಬರುತ್ತಾನೆ, ಕುತ್ತಿಗೆಯಲ್ಲಿ ಟೈ ಸಡಿಲ, ಕೈಯಲ್ಲಿ ಬೆಳ್ಳಿ ಹಾಳೆ ಮುಚ್ಚಿದ ತಟ್ಟೆ, ಚರ್ಚಿನ ಹೆಂಗಸರು ಕಟ್ಟಿಕೊಟ್ಟ ಕೋಳಿ ಮತ್ತು ಬೆಣ್ಣೆ ಸವರಿದ ಮೆತ್ತನೆ ಬಿಸ್ಕಿಟ್ಟು ಬ್ರೆಡ್ಡು, ತಿಂತಾ ಇದೆ ಅಂದಳು, ತನ್ನ ದನಿ ತನಗೇ ಎಲ್ಲಿಂದಲೋ ಕೇಳಿಸಿತು, ನೋಡಿದ್ಯಾ ಅಂದ, ಇಲ್ಲ, ನೋಡ್ದೇ ಹೆಂಗೆ ಗೊತ್ತು, ಗೊತ್ತು ಅಂದಳು, ಸರಿ ಸರಿ, ಈ ಕಡೆ ಸರಿ, ನಾನು ನೋಡ್ತೀನಿ. ಅವಳು ಸರಿಯಲಿಲ್ಲ, ಎದ್ದು ಅಡ್ಡ ನಿಂತಳು. ಚೀಲ ಬೆನ್ನ ಹಿಂದೆ ಇದೆ, ಈಗ ತಲೆ ನುಂಗುತ್ತಿರುತ್ತದೆ, ದವಡೆಯ ಒಂದು ಬದಿ ಮುಂದೆ, ಆಮೇಲೆ ಇನ್ನೊಂದು ಬದಿ, ಈಗ ಮುಟ್ಟಿದರೆ ಕಕ್ಕುತ್ತದೆ, ಕಕ್ಕಿದರೆ ಡೀಕನ್, ಗಾಜಿನಾಚೆ ಡೀಕನ್ ತಲೆ ಎತ್ತಿದೆ, ಕತ್ತಿ ಸಿಂಕಿನಲ್ಲಿದೆ, ದೂರ, ಬೇಡ. ಓಹೋ, ಎದ್ದು ನಿಲ್ಲೋಕೆ ಬಂತಾ ನಿಂಗೆ, ನಕ್ಕ ಅವನು, ತಟ್ಟೆ ಇಟ್ಟ, ನೀನು ತಿಂದ್ಯಾ ಬೆಳಿಗ್ಗೆಯಿಂದ, ತಿಂದಿರಲ್ಲ, ನಂಗೊತ್ತು, ಮೊದ್ಲು ನಿಂದು ಮುಗಿಸೋಣ, ಆಮೇಲೆ ಅದರದ್ದು — ಬಿಸ್ಕಿಟ್ಟು ಮುರಿದ, ತಮಾಷೆಗೇ ಇರಬೇಕು, ಅವನಿಗೆ ಅದೆಲ್ಲ ಯಾವಾಗಲೂ ತಮಾಷೆಯೇ ಆಗಿತ್ತು, ಇನ್ನೊಂದು ಕೈ ಅವಳ ಮುಖಕ್ಕೆ ಬಂತು, ಜಾಗ ಮರೆತಿಲ್ಲ, ದವಡೆ ಕೂಡುವ ಕಡೆ, ಒತ್ತಿತು, ಬಾಯಿ ತೆರೆಯಿತು, ತೆರೆಯಲೇಬೇಕು, ಬೆಣ್ಣೆ ಸವರಿದ ತುಂಡನ್ನು ತಳ್ಳುತ್ತ ಬಿಸ್ಕಿಟ್ಟು ಹಿಡಿದ ಕೈಯ ಹೆಬ್ಬೆರಳು ನಾಲಿಗೆಯ ಮೇಲೆ ಬಂತು, ಚಪ್ಪಟೆ ಉಗುರು, ತಂಬಾಕು, ಇಲಿಗೂಡು, ಏಳು ವರ್ಷ, ಬೀನ್ಸು — ಮುಚ್ಚಿದಳು. ಬಾಯಿ ಅವಳದು, ಅವಳೇ ಮುಚ್ಚಿದಳು. ಚರ್ಮ, ಆಮೇಲೆ ಗಟ್ಟಿ, ಆಮೇಲೆ ಬಿಸಿ, ಕಬ್ಬಿಣ, ಉಪ್ಪು, ಈ ಸಲ ತನ್ನದಲ್ಲದ ರಕ್ತ, ಬಿಡೇ, ಬಿಡು, ಮುಂಡೆ, ಕಿವಿಯ ಮೇಲೆ ಮುಷ್ಟಿ ಬಿತ್ತು, ಕಣ್ಣಲ್ಲಿ ಬಿಳಿ, ಮತ್ತೆ ಮುಷ್ಟಿ, ಚೀಲಕ್ಕೆ ತಾಗದ ಹಾಗೆ ಎರಡೂ ಕೈ ಹಿಂದೆ ಮೇಜಿನಂಚು ಹಿಡಿದಿವೆ, ಹಾವಿನ ಹಲ್ಲು ಒಳಮುಖ, ಹಿಡಿದ ಮೇಲೆ ಅದಕ್ಕೆ ಬಿಡಲು ಬರುವುದಿಲ್ಲ, ಒಳಗೆ ಎಳೆದುಕೊಳ್ಳುವುದೊಂದೇ ಗೊತ್ತು, ಅವಳ ಬಾಗಿದ ಹಲ್ಲು ತನ್ನ ಜಾಗ ಹುಡುಕಿಕೊಂಡಿತು, ಬೆನ್ನ ಹಿಂದೆ ಕಾಗದ ಸರ್ ಅಂದಿತು, ಸರ್, ನಿಧಾನ, ತಿನ್ನು ಕಂದ, ಅವನು ಮೊಣಕಾಲೂರಿದ್ದಾನೆ, ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಕಪ್ಪು ಗೆರೆಯ ಉಗುರು, ಹಲ್ಲುಗಳ ನಡುವೆ, ಹೆಬ್ಬೆರಳು, ಹಲ್ಲುಗಳ ನಡುವೆ, ಹೆಬ್ಬೆರಳು