ಒತ್ತಿದರೆ ಕೂರುವ ಮುಚ್ಚಳ

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಬಸ್ ನಿಲ್ಲುವ ಜಾಗಕ್ಕೆ ಎದುರಾಗಿದ್ದ ಲ್ಯಾಬಿನಲ್ಲಿ ವಾಣಿಶ್ರೀ ಒಂಬತ್ತು ವರ್ಷದಿಂದ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದಳು. ಅವಳದು ಹಗುರ ಕೈ ಅಂತ ಸುತ್ತಲ ಹಳ್ಳಿಗಳಲ್ಲಿ ಹೆಸರು. ಲ್ಯಾಬಿನ ಯಜಮಾನರಾದ ಪ್ರಭುಸ್ವಾಮಿಯವರು ಅವಳ ಮಾತನ್ನು ತೆಗೆದುಹಾಕಿದವರಲ್ಲ. ಹಾಗಾಗಿಯೇ ಸಂಕ್ರಾಂತಿ ಕಳೆದ ಮೇಲೊಂದು ದಿನ ಎರಡು ನಮೂನೆಯ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟರು.

"ಯೂರಿನ್ ಡಬ್ಬಿ ಮುಗೀತಾ ಬಂತು ಕಣಮ್ಮ. ಯಾವ್ದು ತರಿಸ್ಬೇಕು, ನೀನೇ ನೋಡಿ ಹೇಳು."

ಒಂದರ ಮುಚ್ಚಳ ತಿರುಗಿಸಿ ಬಿಗಿ ಮಾಡುವಂಥದ್ದು. ಇನ್ನೊಂದರದು ಒತ್ತಿದರೆ ಟಪ್ಪಂತ ಕೂರುವಂಥದ್ದು. ಇಷ್ಟು ದಿನ ಇದ್ದದ್ದು ತಿರುಗಿಸುವ ಮುಚ್ಚಳವೇ. ಕಳೆ ಕಿತ್ತು ಬಿರುಕುಬಿಟ್ಟ ಬೆರಳುಗಳಲ್ಲಿ ಹೆಂಗಸರು ಅದನ್ನು ತೆಗೆಯಲಾರದೆ ಸೆರಗಿನಲ್ಲಿ ಹಿಡಿದು ಒದ್ದಾಡುವುದನ್ನು ಅವಳು ದಿನಾ ನೋಡುತ್ತಿದ್ದಳು. ಆ ಸಹವಾಸವೇ ಬೇಡವೆಂದು ಕೆಲವರು ಟಾನಿಕ್ ಬಾಟಲಿ ತೊಳೆದು ಅದರಲ್ಲೇ ತಂದುಬಿಡುತ್ತಿದ್ದರು. ಒತ್ತುವ ಡಬ್ಬಿಗೆ ವಾಣಿಶ್ರೀ ನೀರು ತುಂಬಿ, ಬೋರಲು ಹಿಡಿದು ಅಲ್ಲಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಇದೇ ಇರ್ಲಿ ಸಾರ್. ಹೆಂಗಸ್ರಿಗೆ ಸಲೀಸು."

ಯುಗಾದಿಯ ಹಿಂದಿನ ದಿನ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂತರಸಂತೆಯಿಂದ ಗೌರೀಶ್ ಎಂಬ ಹುಡುಗ, ಲ್ಯಾಬಿನಿಂದ ಒಯ್ದಿದ್ದ ಹೊಸ ಒತ್ತುವ ಡಬ್ಬಿಯಲ್ಲಿ ಹೆಂಡತಿಯ ಮೂತ್ರ ತಂದಿದ್ದ. ಬೈಕಿನ ಚೀಲದಿಂದ ಡಬ್ಬಿ ತೆಗೆದವನು ಹಾಗೇ ನಿಂತುಬಿಟ್ಟ. ದಾರಿಯ ಕುಲುಕಾಟಕ್ಕೆ ಮುಚ್ಚಳ ಎದ್ದು ಎಲ್ಲವೂ ಸೋರಿಹೋಗಿತ್ತು. ಡಾಕ್ಟರ ಚೀಟಿಯೂ ನೆನೆದಿತ್ತು.

"ಏನೂ ಉಳಿದಿಲ್ಲ ಕಣ್ರೀ. ಬೇರೆ ಡಬ್ಬಿ ಕೊಡ್ತೀನಿ, ನಾಳೆ ತನ್ನಿ" ಎಂದಳು ವಾಣಿಶ್ರೀ, ಇನ್ನೊಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಲೇ.

"ನಾಳೆ ಹಬ್ಬ ಅಲ್ವಾ ಮೇಡಮ್. ನಾಡಿದ್ದು ತತ್ತೀನಿ."

"ಆಗ್ಲಿ."

ಒದ್ದೆ ಚೀಟಿಯನ್ನು ಟ್ರೇಯಲ್ಲಿ ಒಣಗಲು ಹಾಕಿದಳು. ಓದಲಿಲ್ಲ.

ನಾಡಿದ್ದು ಅವನು ಬರಲಿಲ್ಲ. ನಾಲ್ಕು ದಿನ ಬಿಟ್ಟು ಆ ಕಡೆಯ ಆಶಾ ಕಾರ್ಯಕರ್ತೆ ಜಯಲಕ್ಷ್ಮಮ್ಮ ಬಂದಾಗ ವಿಷಯ ತಿಳಿಯಿತು. ಗೌರೀಶನ ಹೆಂಡತಿ ಶಾಂಭವಿಗೆ ಎಂಟು ತಿಂಗಳು ತುಂಬಿತ್ತು. ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಾ ಕೂತವಳು ತಲೆ ಸಿಡೀತದೆ ಅಂದಳಂತೆ; ನೋಡನೋಡುತ್ತಲೇ ಫಿಟ್ಸ್ ಬಂದಿತ್ತು. ಮೈಸೂರು ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು ಕೂಸು.

"ತಾಯಿ ಉಳಿದಿದ್ದೇ ಎಚ್ಚು ಬುಡಿ" ಎಂದರು ಜಯಲಕ್ಷ್ಮಮ್ಮ. "ಬಿ.ಪಿ. ಏರಿ ಯೂರಿನ್ನಲ್ಲಿ ಪ್ರೋಟೀನ್ ಓಗ್ತಿತ್ತಂತೆ. ಒಂದು ದಿನ ಮುಂಚೆ ಗೊತ್ತಾಗಿದ್ರೆ ಅಂದ್ರಂತೆ ಡಾಕ್ಟ್ರು."

ವಾಣಿಶ್ರೀ ಟ್ರೇಯ ತಳದಿಂದ ಆ ಚೀಟಿ ಹುಡುಕಿ ತೆಗೆದಳು. ಶಾಯಿ ಕದಡಿದ್ದರೂ ಅಕ್ಷರ ಕಾಣುತ್ತಿತ್ತು. ಪರೀಕ್ಷೆ ಇವತ್ತೇ ಆಗಬೇಕೆಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಅಂದು ಸಂಜೆ ಅವಳು ಆರು ಡಬ್ಬಿಗೆ ನೀರು ತುಂಬಿ, ಸ್ಕೂಟರಿಗೆ ಚೀಲ ಕಟ್ಟಿ ಅಂತರಸಂತೆಯ ರಸ್ತೆಯಲ್ಲಿ ಹೋಗಿ ಬಂದಳು. ನಾಲ್ಕು ಡಬ್ಬಿಯ ಮುಚ್ಚಳ ಎದ್ದಿತ್ತು. ಮಾರನೆಯ ದಿನ ಪ್ರಭುಸ್ವಾಮಿಯವರ ಮುಂದೆ ಎಲ್ಲ ಹೇಳಿದಳು. ಅವರು "ಬೇಕೂಂತ ಮಾಡ್ದೇನಮ್ಮ, ಬುಡು" ಅಂದರು. ಉಳಿದ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿಸಿ, ತಿರುಗಿಸುವ ಮುಚ್ಚಳದ್ದನ್ನೇ ಮತ್ತೆ ತರಿಸಿದರು. ಶಾಂಭವಿಯನ್ನು ನೋಡಿಬರಬೇಕೆಂದು ವಾಣಿಶ್ರೀ ಎರಡು ಸಲ ಬಸ್ ಹತ್ತಿದಳು. ಎರಡು ಸಲವೂ ಬಸ್ ಹೊರಡುವ ಮೊದಲೇ ಇಳಿದುಬಿಟ್ಟಳು.

ಒಂದೂವರೆ ತಿಂಗಳ ಮೇಲೆ ಶಾಂಭವಿಯೇ ಬಂದಳು. ಜೊತೆಯಲ್ಲಿ ಅತ್ತೆ ಗುರುಶಾಂತಮ್ಮ. ಆ ಸುಡುಬಿಸಿಲಿನಲ್ಲೂ ಹುಡುಗಿಯ ತಲೆಗೆ ಸ್ಕಾರ್ಫ್, ಕಿವಿಯಲ್ಲಿ ಹತ್ತಿ. ಬಾಣಂತಿ ಅಂತ ಯಾರಾದರೂ ಹೇಳಬಹುದಿತ್ತು. ಮಡಿಲು ಮಾತ್ರ ಬರಿದಾಗಿತ್ತು.

ಚೀಟಿಯಲ್ಲಿದ್ದ ಹೆಸರನ್ನು ವಾಣಿಶ್ರೀ ಎರಡು ಸಲ ಓದಿದಳು. ಆಮೇಲೆ ಡಬ್ಬಿ ಕೊಟ್ಟಳು. ಶಾಂಭವಿ ಅದರ ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದು ಮತ್ತೆ ಹಾಕಿದಳು. ಬಚ್ಚಲಿಂದ ವಾಪಸು ಬರುವಾಗ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೋಡಿ ಅಕ್ಕ, ಸರ್ಯಾಗಿ ಮುಚ್ಚಿದ್ದೀನಾ?"

"ಈಗ ಮುಚ್ಚು ಚೆನ್ನಾಗಿ" ಎಂದರು ಬೆಂಚಿನಿಂದ ಗುರುಶಾಂತಮ್ಮ. "ಅವತ್ತು ಒಂದು ಮುಚ್ಚಳ ನೆಟ್ಟಗೆ ಆಕಿದ್ರೆ ನನ್ನ ಮೊಮ್ಮಗಳು ಇರೋಳು."

ಹುಡುಗಿ ತಲೆಯೆತ್ತಲಿಲ್ಲ. ಕೇಳಿ ಕೇಳಿ ರೂಢಿಯಾದ ಮಾತು ಅದೆಂದು ನೋಡಿದವರಿಗೆ ತಿಳಿಯುತ್ತಿತ್ತು.

ವಾಣಿಶ್ರೀ ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವಳು ಮೇಜು ಬಿಟ್ಟು ಈಚೆ ಬಂದಳು.

"ಅಮ್ಮಾ, ಇವಳು ಸರಿಯಾಗೇ ಮುಚ್ಚಿದ್ಲು. ಆ ಡಬ್ಬಿನೇ ಸರಿ ಇರ್ಲಿಲ್ಲ. ಅದನ್ನ ಆರಿಸಿದ್ದು ನಾನು. ಚೀಟಿ ಓದ್ದೆ ನಾಳೆ ತನ್ನಿ ಅಂದೋಳೂ ನಾನೇ."

ಗುರುಶಾಂತಮ್ಮ ಎದ್ದು ನಿಂತರು. "ಓದಿದೋಳು ಕಣವ್ವ ನೀನು! ನಿನ್ನ ನಂಬಿ ಕಳಿಸಿದ್ದೋ. ಇಷ್ಟು ದಿನ ಯಾಕವ್ವ ಬಾಯಿ ಬುಡ್ಲಿಲ್ಲ? ದಿನಾ ಇವಳನ್ನ ಅಂದು ಅಂದು..." ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಲು ಹೊರಟಿದ್ದೆನೆಂದು ಆಕೆಗೇ ಆಗ ಹೊಳೆದಿರಬೇಕು.

"ಎರಡು ಸಲ ಒತ್ತಿದ್ದೆ ಅತ್ತೆ" ಎಂದಳು ಶಾಂಭವಿ ಮೆಲ್ಲಗೆ. "ಸದ್ದು ಬರೋಗಂಟ ಒತ್ತಿದ್ದೆ. ನಾನೇಳ್ದೆ, ಯಾರೂ ನಂಬ್ಲಿಲ್ಲ." ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಆಸ್ಪತ್ರೆಯಲ್ಲೂ ಅಳದವಳು, ಮಗುವನ್ನು ಮಣ್ಣು ಮಾಡಿದರೆಂದು ಕೇಳಿದಾಗಲೂ ಅಳದವಳು, ಈಗ ಅತ್ತಳು. ಗುರುಶಾಂತಮ್ಮ ಪಕ್ಕದಲ್ಲಿ ಕೂತು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

ವಾಣಿಶ್ರೀ ಒಳಗೆ ಹೋಗಿ ಪರೀಕ್ಷೆ ಮುಗಿಸಿದಳು. ಪ್ರೋಟೀನ್ ಇರಲಿಲ್ಲ. ರಿಪೋರ್ಟ್ ತಂದು ಕೊಟ್ಟಳು. ಗುರುಶಾಂತಮ್ಮ ಅದನ್ನು ತೆಗೆದುಕೊಂಡು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು.

"ನಿನ್ನ ಮೇಲಿನ ಸಿಟ್ಟು ನಂಗೆ ಓಗಾಕಿಲ್ಲ ಕಣವ್ವ" ಎಂದರು. "ನನ್ನ ಮೇಲಿಂದೂ ಓಗಾಕಿಲ್ಲ."

ಅಂತರಸಂತೆಯ ಬಸ್ ಬಂದು ನಿಂತಿತ್ತು. ಅತ್ತೆ ಸೊಸೆಯ ಮೊಣಕೈ ಹಿಡಿದು ರಸ್ತೆ ದಾಟಿಸಿದರು. ಬಸ್ ತಿರುವಿನಲ್ಲಿ ಮರೆಯಾದ ಮೇಲೂ ವಾಣಿಶ್ರೀ ಬಾಗಿಲಲ್ಲೇ ನಿಂತಿದ್ದಳು. ಒಳಗಿನಿಂದ ಪ್ರಭುಸ್ವಾಮಿಯವರು ಎರಡು ಸಲ ಕರೆದದ್ದು ಅವಳಿಗೆ ಕೇಳಲಿಲ್ಲ.