ಸಾಹೇಬರ ಕಂದು ಕಾರ್ಡು

ಹೆಂಡತಿಗೆ ವಿದೇಶದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೀಟು ಸಿಕ್ಕಾಗ ಸಾಹೇಬರು ದೊಡ್ಡ ಮನಸ್ಸು ಮಾಡಿ, ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಹೊರಟರು. ಊರಿನ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟ್. ಮನೆಯಲ್ಲೂ ಅದೇ ಹುದ್ದೆ. "ಇವಳೊಬ್ಬಳೇ ಅಲ್ಲಿ ಏನು ಮಾಡ್ತಾಳೆ, ರಸ್ತೆ ದಾಟೋಕೂ ಬರಲ್ಲ" ಎಂದು ಬೀಳ್ಕೊಡಲು ಬಂದವರ ಎದುರು ಹೇಳಿದ್ದರು. ಅವಳು ತಲೆ ತಗ್ಗಿಸಿ ನಕ್ಕಿದ್ದಳು. ಮದುವೆಯಾದಾಗಿನಿಂದ ಅವರ ದನಿ ಒಂಚೂರು ಏರಿದರೆ ಸಾಕು, ಅವಳು ಹೆದರಿ, ಕೈಯ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು.

ಬಂದ ವಾರದಲ್ಲೇ ವಿಶ್ವವಿದ್ಯಾಲಯದವರು ಇಬ್ಬರಿಗೂ ಕಾರ್ಡು ಕೊಟ್ಟರು. ಅವರ ಮನೆಯಿದ್ದ ಕಟ್ಟಡದ ಗಾಜಿನ ಬಾಗಿಲು, ಬಟ್ಟೆ ಒಗೆಯುವ ಯಂತ್ರ, ಎಲ್ಲಕ್ಕೂ ಅದನ್ನೇ ಮುಟ್ಟಿಸಬೇಕು. ಅವಳದು ನೀಲಿ. ಅವರದು ಕಂದು, ಫೋಟೋದ ಕೆಳಗೆ ಅವಳ ಹೆಸರು, ಅದರ ಮುಂದೆ 'ಅವಲಂಬಿತ' ಎಂದು ಅಚ್ಚಾಗಿತ್ತು. ಸಾಹೇಬರು ಅದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ನಾನು? ಇವಳಿಗೆ? ಅಲ್ಲಿ ನನ್ನ ಸಹಿಗೆ ಜನ ಬಾಗಿಲಲ್ಲಿ ಕಾಯ್ತಾರೆ!"

ಕಾರ್ಡು ಅಡುಗೆಮನೆಯ ಡ್ರಾಯರ್ ಸೇರಿತು. ಅಂದಿನಿಂದ ಬಾಗಿಲಲ್ಲಿ ಕಾಯುವ ಸರದಿ ಅವರದು. ಸಿಗರೇಟಿಗೆಂದು ಕೆಳಗಿಳಿಯುವರು; ವಾಪಸು ಬರುವಾಗ ಯಾರಾದರೂ ಬರಲಿ ಎಂದು ಆಕಾಶ ನೋಡುತ್ತ ನಿಲ್ಲುವರು. ಯಾವಳೋ ವಿದ್ಯಾರ್ಥಿನಿ ಬಾಗಿಲು ತೆರೆದರೆ, ಅದು ತಮಗಾಗಿಯೇ ತೆರೆದದ್ದೆಂಬ ಗತ್ತಿನಲ್ಲಿ ಹಿಂದೆಯೇ ನುಸುಳುವರು. ಯಾರೂ ಬರದಿದ್ದರೆ ಹೆಂಡತಿಗೆ ಫೋನು. ಅವಳು ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು, ಏದುಸಿರು ಬಿಡುತ್ತ ಓಡಿ ಬರಬೇಕು. ಯಾರನ್ನೂ ಅವಲಂಬಿಸದ ಮಹಾನುಭಾವರ ದಿನಚರಿ ಇದು.

ವರ್ಷದ ಕೊನೆಗೆ ಅವಳ ಪರೀಕ್ಷೆ ಬಂತು. ಮೂವರು ಪ್ರಾಧ್ಯಾಪಕರು ಅವಳ ಕೆಲಸವನ್ನು ಒಪ್ಪಿದರೆ ವಿದ್ಯಾರ್ಥಿವೇತನ ಇನ್ನೆರಡು ವರ್ಷ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ದಿನ ಅವಳು ಪರೀಕ್ಷೆಯ ಹಾಲ್‌ನ ಹೊರಗೆ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದಾಗ ಫೋನು ಬಂತು.

"ಬೇಗ ಬಾ. ಹೊಸ ವಾಚ್‌ಮನ್ ಒಬ್ಬ ಬಂದಿದಾನೆ, ಯಾರ ಹಿಂದೆನೂ ಒಳಗೆ ಬಿಡಲ್ಲ ಅಂತಾನೆ. ಚಡ್ಡಿ ಬನಿಯನ್‌ನಲ್ಲಿ ನಿಂತಿದೀನಿ."

"ರೀ, ಇನ್ನೇನು ಒಳಗೆ ಕರೀತಾರೆ. ಇವತ್ತು ಆಗಲ್ಲ."

"ಆಗಲ್ಲ? ನನಗೇ ಆಗಲ್ಲ ಅಂತೀಯ? ನಿನ್ನ ಪರೀಕ್ಷೆ ಏನು ಓಡಿಹೋಗುತ್ತಾ?"

ಅಭ್ಯಾಸಬಲದಿಂದ ಅವಳು ಎದ್ದೇ ನಿಂತಳು. ಅಷ್ಟರಲ್ಲಿ ಫೋನು ವಾಚ್‌ಮನ್ ಕೈಗೆ ಹೋಯಿತು.

"ಮೇಡಂ, ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಲ್ಲಿ ಒಬ್ರು ಅವಲಂಬಿತರು ಇದಾರೆ. ಅದು ನೀವೇನಾ ಅಂತ ಕೇಳಿದ್ರೆ ಇವರು ಅಲ್ಲ ಅಂತಾರೆ. ಹೌದು ಅಂದ್ರೆ ಈಗಲೇ ಬಾಗಿಲು ತೆಗೀತೀನಿ."

ಹಿಂದಿನಿಂದ ಸಾಹೇಬರ ಅಬ್ಬರ ಕೇಳಿಸಿತು. "ನಾನು ಅವಳ ಗಂಡ ಕಣಯ್ಯಾ! ಗಂಡ ಅಂತ ಬರ್ಕೋ!"

"ಆ ಕಾಲಂ ಇಲ್ಲ ಸಾರ್," ಎಂದ ವಾಚ್‌ಮನ್.

ಒಂದೇ ಒಂದು 'ಹೌದು'. ಅಂದುಬಿಟ್ಟರೆ ಒಳಗೆ ಹೋಗಿ ಕಾಲು ಚಾಚಿ ಟೀವಿ ನೋಡಬಹುದು. ಅದೊಂದನ್ನು ಹೇಳಲಾರದೆ ಈ ಮನುಷ್ಯ ಅವಳ ಎರಡು ವರ್ಷವನ್ನು ಗಾಳಿಗೆ ತೂರಲು ತಯಾರಾಗಿದ್ದ. ಹಾಲ್‌ನ ಬಾಗಿಲು ತೆರೆದು ಯಾರೋ ಅವಳ ಹೆಸರು ಕರೆದರು.

"ಅವರ ಬಾಯಲ್ಲೇ ಹೇಳಿಸಿ. ಹೇಳಿದ್ರೆ ಬಿಡಿ," ಎಂದು ಫೋನು ಬಂದ್ ಮಾಡಿ ಅವಳು ಒಳಗೆ ಹೋದಳು.

ಸಂಜೆ ಬಂದಾಗ ಸಾಹೇಬರು ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೇ ಇದ್ದರು. ಯಾರೋ ಪುಣ್ಯಾತ್ಮರು ಕೊಟ್ಟ ಹೂವಿನ ಚಿತ್ರದ ಟವೆಲ್ಲು ಹೊದ್ದಿದ್ದರು. ಹೌದು ಎಂದಿರಲಿಲ್ಲ.

"ಎಷ್ಟು ಹೊತ್ತೇ ನಿಂದು?" ಎಂದು ಸಿಡುಕಿದರು.

"ಇನ್ನೆರಡು ವರ್ಷ ಕೊಟ್ರು," ಎಂದಳು.

"ಮೊದಲು ಬಾಗಿಲು ತೆಗಿ."

ಅವಳು ಕಾರ್ಡು ಮುಟ್ಟಿಸಿದಳು. ಬಾಗಿಲು ತೆರೆದದ್ದೇ ತಡ, ಸಾಹೇಬರು ಟವೆಲ್ಲನ್ನು ಹೆಗಲಿಗೆಸೆದು, ಎದೆಯುಬ್ಬಿಸಿ, ಅವಳಿಗಿಂತ ಮುಂದಾಗಿ ಒಳಗೆ ನಡೆದರು. ಆ ಬಡಕಲು ಕಾಲುಗಳನ್ನು ಹಿಂದಿನಿಂದ ನೋಡುತ್ತ ನಿಂತ ಅವಳಿಗೆ ಸಿಟ್ಟು ಬರಲಿಲ್ಲ, ಕನಿಕರವೂ ಹುಟ್ಟಲಿಲ್ಲ. ಇಷ್ಟು ವರ್ಷ ಇವನಿಗಾ ಹೆದರಿದ್ದು ಎಂದು ನಾಚಿಕೆಯಾಯಿತು.